ಅರಿಶಿನವಿಲ್ಲದ ನೆರಳು

ನಮ್ಮೂರಲ್ಲಿ ಕ್ಯಾಮೆರಾವನ್ನು ಯಾರೂ ನಂಬುವುದಿಲ್ಲ. ಅದು ಎಲ್ಲರ ನೆರಳನ್ನೂ ಕಪ್ಪಗೆ ತೆಗೆಯುತ್ತದೆ. ಕಣ್ಣೆದುರಿಗೆ ನೆಲದ ಮೇಲೆ ಹಸಿರೋ ಕೆಂಪೋ ಢಾಳಾಗಿ ಬಿದ್ದಿರುವಾಗ ಒಂದು ಡಬ್ಬಿ ಬಂದು ಅದು ಕಪ್ಪು ಅಂದರೆ ಯಾರು ತಾನೇ ಕೇಳುತ್ತಾರೆ? ಅದಕ್ಕೇ ನನ್ನಂಥವರು ಬೇಕು. ಫೋಟೊ ತೆಗೆದು, ಕಂಪ್ಯೂಟರಿಗೆ ಹಾಕಿ, ಅವರವರ ನೆರಳಿಗೆ ಅವರವರ ಬಣ್ಣ ತುಂಬಿ ಕೊಡುವುದು ನನ್ನ ಕಸುಬು. ಅಪ್ಪ ಇದನ್ನೇ ಕುಂಚ ಹಿಡಿದು ಮಾಡುತ್ತಿದ್ದರು, ನಾನು ಮೌಸ್ ಹಿಡಿದು ಮಾಡುತ್ತೇನೆ. ಅಪ್ಪ ಎಲ್ಲರನ್ನೂ ನಂಬುತ್ತಿದ್ದರು, ನಾನು ಯಾರನ್ನೂ ನಂಬುವುದಿಲ್ಲ. ಗಿರಾಕಿ ಬಾಯಲ್ಲಿ ‘ನಮ್ಮದು ಗುಲಾಬಿ’ ಅಂದರೆ ಸಾಲದು. ಅಂಗಡಿಯ ಹಿಂದೆ ಸುಣ್ಣ ಬಳಿದ ಅಂಗಳವಿದೆ, ಅಲ್ಲಿ ಬಿಸಿಲಿಗೆ ನಿಲ್ಲಿಸಿ, ಮ್ಯಾಚಿಂಗ್ ಸೆಂಟರಿನಿಂದ ತಂದ ದಾರದ ಉಂಡೆಗಳನ್ನು ನೆರಳಿನ ಪಕ್ಕದಲ್ಲಿಟ್ಟು ನೋಡಿದ ಮೇಲೇ ನಾನು ಒಪ್ಪಿಕೊಳ್ಳುವುದು. ಮದುವೆ ವಯಸ್ಸಿನ ಹುಡುಗಿಯರಿಗೆಲ್ಲ ಗುಲಾಬಿಯೇ ಬೇಕು. ಬಿಸಿಲಿಗೆ ಬಂದರೆ ಅರ್ಧಕ್ಕರ್ಧ ಹುಣಸೆಹಣ್ಣಿನ ಬಣ್ಣ.

ಹುಟ್ಟಿದ ಮಗುವಿಗೆ ಬಣ್ಣವಿರುವುದಿಲ್ಲ. ನೆಲದ ಮೇಲೆ ನೀರು ಚೆಲ್ಲಿದ ಹಾಗೆ ಒಂದು ಮಸುಕು, ಅಷ್ಟೇ. ಹಲ್ಲು ಬರುವ ಹೊತ್ತಿಗೆ ನೆರಳು ಬಣ್ಣ ಹಿಡಿಯುತ್ತದೆ. ಹಿಡಿದರೆ ಅಪ್ಪನ ತಾಯಿಯ ಬಣ್ಣವನ್ನೇ ಹಿಡಿಯುತ್ತದೆ, ಅಜ್ಜಿ ತೀರಿಹೋಗಿದ್ದರೆ ಸೋದರತ್ತೆಯದನ್ನು. ರಕ್ತ ಮಾತಾಡುತ್ತದೆ ಅನ್ನುತ್ತಾರೆ ನಮ್ಮ ಕಡೆ. ಆಗ ಮಗುವಿನ ಫೋಟೊ ತೆಗೆಸಿ, ಬಣ್ಣ ತುಂಬಿಸಿ, ನಡುಮನೆಯಲ್ಲಿ ತೂಗುಹಾಕಿ, ಅದರ ಕೆಳಗೆ ತೊಟ್ಟಿಲು ಕಟ್ಟಿ ಹೆಸರಿಡುತ್ತಾರೆ. ಬಣ್ಣ ಬೇರೆಯಾಗಿ ಬಂದರೆ ಮಗು ಆ ಮನೆಯದಲ್ಲ ಅಂತ ಅರ್ಥ. ತೊಟ್ಟಿಲು ಬಿಚ್ಚುತ್ತಾರೆ, ತಾಯಿ ಮಗುವನ್ನೆತ್ತಿಕೊಂಡು ತವರಿಗೆ ಹೋಗಬೇಕು. ಹಾಗೆ ಹೋದವರ ಸುದ್ದಿಯನ್ನು ಊರಲ್ಲಿ ಯಾರೂ ಎತ್ತುವುದಿಲ್ಲ. ಎತ್ತುತ್ತಾರೆ, ಬಾಗಿಲು ಹಾಕಿಕೊಂಡು ಎತ್ತುತ್ತಾರೆ.

ಸೋಮವಾರ ಬೆಳಿಗ್ಗೆ ಗಾಣದ ಮನೆಯ ಸೊಸೆ ನಳಿನಿ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ಗಾಣದ ಮನೆಯ ಯಜಮಾನಿ ಚೆನ್ನಾಜಮ್ಮ. ಗಂಡ ಸತ್ತ ಮೇಲೆ ಎಣ್ಣೆ ಗಾಣವನ್ನು ಒಬ್ಬಳೇ ನಡೆಸಿಕೊಂಡು ಬಂದ ಗಟ್ಟಿಗಿತ್ತಿ. ಅವಳ ಮಗ ಶಿವನಂಜ, ಅಂದರೆ ನಳಿನಿಯ ಗಂಡ, ಅಮ್ಮನ ಎದುರು ಕೆಮ್ಮುವುದಕ್ಕೂ ಅಪ್ಪಣೆ ಕೇಳುವ ಪ್ರಾಣಿ. ಮಗುವಿನ ಫೋಟೊ ಅಂದರೆ ಮನೆಮಂದಿಯೆಲ್ಲ ದಂಡು ಕಟ್ಟಿಕೊಂಡು ಬರುವುದು ವಾಡಿಕೆ. ಇವಳು ಒಬ್ಬಳೇ ಬಂದು, ಬಾಗಿಲಲ್ಲಿ ನಿಂತು ಹಿಂದೆ ಮುಂದೆ ನೋಡಿ ಒಳಗೆ ಕಾಲಿಟ್ಟಳಲ್ಲ, ಅಲ್ಲೇ ನನ್ನ ಕಿವಿ ನೆಟ್ಟಗಾಯಿತು.

“ಅಕ್ಕಾ, ಪಾಪುದೊಂದು ಫೋಟೊ ಆಗ್ಬೇಕಿತ್ತು. ಶುಕ್ರವಾರ ಹೆಸರಿಡೋದು.”

“ಒಬ್ಳೇ ಬಂದಿದೀಯ? ನಿಮ್ಮತ್ತೆ ಎಲ್ಲಿ?”

ಅವಳು ಮಗುವನ್ನು ಸೆರಗಿನೊಳಗೆ ಇನ್ನಷ್ಟು ಎಳೆದುಕೊಂಡಳು. “ಅರಿಶಿನ ಹಾಕ್ಬಿಡಿ ಅಕ್ಕಾ. ನಮ್ಮತ್ತೇದು ಅರಿಶಿನ ಅಲ್ವಾ, ನಿಮಗೇ ಗೊತ್ತಲ್ಲ. ಅಂಗಳಕ್ಕೆಲ್ಲ ಬೇಡ, ಬಿಸ್ಲು ಬೇರೆ ಜಾಸ್ತಿ ಇದೆ. ಇಲ್ಲೇ ಒಳಗೆ ತೆಗೆದ್ಬಿಡಿ.”

ಬಿಸಿಲು ಜಾಸ್ತಿಯಂತೆ! ಬೆಳಗಿನ ಎಂಟು ಗಂಟೆಗೆ. ನಾನು ಮಗುವನ್ನು ಅವಳ ಕೈಯಿಂದ ತೆಗೆದುಕೊಂಡು ಸೀದಾ ಅಂಗಳಕ್ಕೆ ಹೋಗಿ ಮಣೆಯ ಮೇಲೆ ಕೂರಿಸಿದೆ. ದುಂಡಗಿನ ಹೆಣ್ಣು ಮಗು, ಎರಡು ಹಲ್ಲು ಬಂದಿವೆ, ನನ್ನ ಮುಖ ನೋಡಿ ಕಿಲಕಿಲ ನಕ್ಕಿತು. ನನ್ನನ್ನು ನೋಡಿ ನಗುವ ಮಕ್ಕಳು ಕಮ್ಮಿ. ಆಮೇಲೆ ಅದರ ನೆರಳು ನೋಡಿದೆ.

ಮೂರು ಬಣ್ಣ. ತಲೆಯ ಹತ್ತಿರ ಬದನೆ ಹೂವಿನ ಬಣ್ಣ, ನಡುವೆ ಗಿಳಿಹಸಿರು, ಕಾಲಿನ ಕಡೆ ಸುಟ್ಟ ಇಟ್ಟಿಗೆ. ಒಂದರೊಳಗೊಂದು ಸೇರಿಕೊಂಡು, ಮಗು ಕೈ ಆಡಿಸಿದಾಗಲೆಲ್ಲ ಅಲುಗುತ್ತಿತ್ತು. ಅರಿಶಿನದ ಸುಳಿವೇ ಇಲ್ಲ. ಇಷ್ಟು ವರ್ಷದ ಕಸುಬಿನಲ್ಲಿ ಅಂಥದ್ದನ್ನು ನಾನು ಕಂಡಿರಲಿಲ್ಲ. ನೆರಳಿನ ಅಂಚಿನಲ್ಲಿ ಒಂದಿಷ್ಟು ಬೇರೆ ಛಾಯೆ ಕಂಡದ್ದುಂಟು, ಆದರೆ ಕಂಪ್ಯೂಟರಿನ ಬ್ರಷ್ಷಿಗೆ ಹಿಡಿಯುವುದು ಒಂದೇ ಬಣ್ಣ, ಎದ್ದು ಕಾಣುವುದನ್ನು ಬಳಿದರೆ ಮುಗಿಯಿತು.

“ಹಸಿರು ನಿಂದು,” ಅಂದೆ. ಅವಳ ನೆರಳು ಅಲ್ಲೇ ಗೋಡೆಯ ಬುಡದಲ್ಲಿ ಮುದುಡಿಕೊಂಡು ಬಿದ್ದಿತ್ತು. “ಇಟ್ಟಿಗೆ ನಿನ್ನ ಗಂಡಂದು, ನಿಮ್ಮ ಮದುವೆ ಫೋಟೊಗೆ ನಾನೇ ಬಳಿದದ್ದು. ಈ ಬದನೆ ಹೂವಿಂದು ಯಾರ್ದಮ್ಮಾ?”

“ನಂಗೊತ್ತಿಲ್ಲಕ್ಕಾ,” ಅಂದವಳೇ ಅಳುವುದಕ್ಕೆ ಶುರುಮಾಡಿದಳು. “ನಿಮ್ಮ ದಮ್ಮಯ್ಯ, ಅರಿಶಿನ ಬಳಿದ್ಬಿಡಿ. ಅತ್ತೆ ಕಣ್ಣಿಗೆ ಬಿದ್ರೆ ನನ್ನ ತವರಿಗೆ ಅಟ್ತಾರೆ. ಅವ್ರಿಗೆ ಈ ಮಗು ಕಂಡ್ರೇ ಆಗಲ್ಲ.”

ಗೊತ್ತಿಲ್ಲ ಅನ್ನುವವರಿಗೆ ಎಲ್ಲವೂ ಗೊತ್ತಿರುತ್ತದೆ ಅಂತ ನನ್ನ ಲೆಕ್ಕ. ಅಳು ಬಂದರೆ ಇನ್ನೂ ಜಾಸ್ತಿ ಗೊತ್ತಿರುತ್ತದೆ. ಆದರೂ ಮಗು ಮಣೆಯ ಮೇಲಿಂದ ನನ್ನ ದಾರದ ಉಂಡೆಯೊಂದನ್ನು ಬಾಯಿಗಿಟ್ಟುಕೊಂಡು ಚೀಪುತ್ತಿತ್ತು, ಅದಕ್ಕೇನು ಗೊತ್ತು ಪಾಪ. ಫೋಟೊ ಹೊಡೆದೆ. “ನೋಡೋಣ ಹೋಗು,” ಅಂದೆ. ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಮಧ್ಯಾಹ್ನ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದೆ, ಚೆನ್ನಾಜಮ್ಮ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ನನ್ನ ಸೊಸೆ ಬಂದಿದ್ಲಂತೆ.”

“ಬಂದಿದ್ಲು.”

“ಅರಿಶಿನ ಬಳಿ ಅಂದಿರ್ತಾಳೆ. ಬಳಿದೀಯ, ಜೋಕೆ ಚಂಪಾ! ಮೊನ್ನೆ ಬಾಗ್ಲಲ್ಲಿ ಬಿಸ್ಲು ಬಿದ್ದಿತ್ತು, ಅದು ಅಂಬೆಗಾಲಿಕ್ಕೊಂಡು ಬಂತು, ನನ್ನ ಕಣ್ಣಾರೆ ನೋಡಿದೀನಿ. ಒಂದಲ್ಲ ಎರಡಲ್ಲ, ಮೂರು! ಆ ಮೂರೂ ಫೋಟೊದಲ್ಲಿ ಕಾಣ್ಬೇಕು. ಶುಕ್ರವಾರ ನೆಂಟರಿಷ್ಟರೆಲ್ಲ ಸೇರ್ತಾರೆ, ಅವಳಪ್ಪ ಅವಳವ್ವಾನೂ ಬರ್ತಾರೆ. ಅವರ ಕಣ್ಣೆದುರಿಗೇ ಗೋಡೆಗೆ ಹಾಕಿ, ಕರ್ಕೊಂಡು ಹೋಗಿ ನಿಮ್ಮ ಮಗಳನ್ನ ಅಂತೀನಿ.”

“ಒಂದು ಬ್ರಷ್ಷಿಗೆ ಒಂದೇ ಬಣ್ಣ ಅಮ್ಮಾ. ಮೂರು ಹಿಡಿಯಲ್ಲ.”

“ಹಿಡಿಸು. ನಿಮ್ಮಪ್ಪ ಇದ್ದಿದ್ರೆ ಹಿಡಿಸ್ತಿದ್ರು.”

ನಮ್ಮಪ್ಪನಿಗೆ ನನ್ನನ್ನು ಹೋಲಿಸಿದರೆ ನನಗೆ ಮೈಯೆಲ್ಲ ಉರಿಯುತ್ತದೆ, ಅದು ಅವಳಿಗೆ ಗೊತ್ತು. ಆದರೆ ಅವಳು ಹೋದ ಮೇಲೆ ನನ್ನ ಮನಸ್ಸಿಗೆ ಹತ್ತಿದ್ದು ಬೇರೆ. ಸೊಸೆಯ ಮಾನ ಹೋದರೆ ತನ್ನ ಮನೆಯ ಮಾನವೂ ಹೋಗುತ್ತದೆ. ಬೇರೆ ಯಾವ ಅತ್ತೆಯಾದರೂ ಒಳಗೊಳಗೇ ಮುಚ್ಚಿಹಾಕಲು ನೋಡುತ್ತಾಳೆ. ಇವಳಿಗೆ ಊರೆಲ್ಲ ನೋಡಬೇಕಂತೆ. ಯಾಕೆ? ಸೊಸೆಯ ಮೇಲೆ ಒಂದು ಕಣ್ಣಿಟ್ಟಿದ್ದೆ, ಇನ್ನೊಂದನ್ನು ಅತ್ತೆಯ ಮೇಲಿಟ್ಟೆ.

ಕಂಪ್ಯೂಟರ್ ಮುಂದೆ ಕೂತೆ. ಈ ಸಾಫ್ಟ್‌ವೇರನ್ನೂ ನಾನು ನಂಬುವುದಿಲ್ಲ, ಕೇಳಿದ್ದನ್ನು ಬಿಟ್ಟು ಬೇರೆಲ್ಲ ಮಾಡುತ್ತದೆ. ಮಗುವಿನ ನೆರಳಿನ ಆಕಾರವನ್ನು ಕತ್ತರಿಸಿ ಬ್ರಷ್ ಮಾಡಿದೆ. ಬ್ರಷ್ ಆಗುವಾಗ ಆಕಾರ ಉಳಿಯುತ್ತದೆ, ಬಣ್ಣವೆಲ್ಲ ಸೋರಿಹೋಗುತ್ತದೆ. ಒತ್ತಿದರೆ ಒಂದೇ ಬಣ್ಣದ ಅಚ್ಚು. ಬಣ್ಣ ಬದಲಾಗುತ್ತಾ ಹೋಗಲಿ ಅನ್ನುವ ಒಂದು ಸೆಟ್ಟಿಂಗ್ ಇದೆ, ಅದನ್ನು ಹಾಕಿದೆ. ಅದಕ್ಕೆ ಎರಡೇ ಬಣ್ಣ ಕೊಡಲು ಬರುವುದು. ಆ ಎರಡನ್ನೂ ಮನಸ್ಸಿಗೆ ಬಂದ ಹಾಗೆ ಎರಚಿಬಿಟ್ಟಿತು. ಮಗುವಿನ ನೆರಳಿಗೆ ಸಿಡುಬು ಎದ್ದ ಹಾಗಿತ್ತು. ಥೂ ಅಂದುಕೊಂಡು ಅಳಿಸಿದೆ.

ಮಂಗಳವಾರವೂ ಅದೇ ಗುದ್ದಾಟ. ಕೊನೆಗೆ ದಾರಿ ಸಿಕ್ಕಿತು. ಮೊದಲು ಅಚ್ಚನ್ನು ಬೂದು ಬಣ್ಣದಲ್ಲಿ ಬೇರೆ ಲೇಯರಿನ ಮೇಲೆ, ಫೋಟೊದ ಮೇಲೆ ಗಾಜು ಹಾಸಿದಂಥ ಪದರದಲ್ಲಿ, ಒತ್ತಿದೆ. ಅಂಚಿನಿಂದ ಆಚೆಗೆ ಬಣ್ಣ ಚೆಲ್ಲದ ಹಾಗೆ ಆ ಲೇಯರನ್ನು ಲಾಕ್ ಮಾಡಿದೆ. ಆಮೇಲೆ ಮೆತ್ತನೆಯ ದೊಡ್ಡ ಬ್ರಷ್ಷಿನಿಂದ ಆ ಆಕಾರದೊಳಗೆ ಕಾಲ ಕಡೆ ಇಟ್ಟಿಗೆ, ನಡುವೆ ಹಸಿರು ತುಂಬಿ, ಸೇರುವ ಕಡೆ ತೇಯ್ದೆ. ಹೀಗೆ ತುಂಬಿದ್ದನ್ನು ಇಡಿಯಾಗಿ ಹೀರಿಕೊಳ್ಳುವ ಇನ್ನೊಂದು ಬ್ರಷ್ ಇದೆ, ಬಣ್ಣ ಕಲಸುವುದಕ್ಕೆ ಅಂತ ಮಾಡಿದ್ದು. ಅದರಿಂದ ಹೀರಿ ಒತ್ತಿದರೆ ಎಲ್ಲ ಬಣ್ಣವೂ ಒಟ್ಟಿಗೇ ಬಿತ್ತು! ಅಂಗಡಿಯಲ್ಲಿ ಯಾರೂ ಇರಲಿಲ್ಲ, ಒಬ್ಬಳೇ “ಭಲೇ ಚಂಪಾ” ಅಂದುಕೊಂಡೆ.

ಉಳಿದದ್ದು ಬದನೆ ಹೂವಿನ ಬಣ್ಣ. ಫೋಟೊದಲ್ಲಿ ಅದೂ ಕಪ್ಪೇ, ಸೋಮವಾರ ದಾರ ಇಟ್ಟು ನೋಡಲೂ ಮರೆತಿದ್ದೆ. ನೆನಪಿನಿಂದ ಬಳಿದರೆ ತಿಳಿಯಾದೀತು, ಇಲ್ಲ ಗಾಢವಾದೀತು. ತಿಳಿಯಾದರೆ ಒಬ್ಬರ ಮೇಲೆ ಅಪವಾದ, ಗಾಢವಾದರೆ ಇನ್ನೊಬ್ಬರ ಮೇಲೆ. ಬಣ್ಣದ ಯಜಮಾನ ಯಾರು ಅಂತ ಹುಡುಕಲೇಬೇಕಾಯಿತು. ಬರೀ ಕೆಲಸಕ್ಕಾಗಿ ಹುಡುಕಿದೆ ಅಂದರೆ ಸುಳ್ಳಾಗುತ್ತದೆ, ಆ ಗಂಡಸು ಯಾರು ಅಂತ ತಿಳಿಯದೆ ನನಗೆ ಅನ್ನ ಸೇರುತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ, ನೆನಪಿಗೆ ಹತ್ತಿರ ಅನ್ನಿಸಿದ ಬದನೆ ಹೂವಿನ ಬಣ್ಣದ ದಾರದುಂಡೆ ಹಿಡಿದು ಬೀದಿಗಿಳಿದೆ. ಹೋಟೆಲಿನ ಮುಂದೆ ನಿಂತ ಗಂಡಸರ ಕಾಲಬುಡವನ್ನೆಲ್ಲ ನೋಡಿಕೊಂಡು ಹೋದೆ. ತಾಮ್ರ, ಪಾಚಿ, ಆಕಾಶ, ಕಂದು. ಸೋಡಾ ಮಾರುವವನು ನಾನು ಬಗ್ಗಿದ್ದು ನೋಡಿ ತಾನೂ ಬಗ್ಗಿ ಹುಡುಕತೊಡಗಿದ. “ಏನ್ ಕಳ್ಕೊಂಡ್ರಿ ಚಂಪಕ್ಕ, ಓಲೇನಾ?” ಅಂದ. “ನಿನ್ನ ತಲೆ,” ಅಂದು ಮುಂದೆ ಹೋದೆ. ಗಾಣದ ಮನೆಯ ಹಿತ್ತಲ ಗೋಡೆಗೆ ಅಂಟಿಕೊಂಡೇ ಟೈಲರ್ ವೀರಭದ್ರನ ಮನೆ. ಹೋದ ವರ್ಷ ಹಳ್ಳಿಯಿಂದ ಬಂದವನು, ಹೆಂಡತಿಯಿಲ್ಲ, ನಗುಮುಖ ಬೇರೆ. ಇವನೇ ಅಂತ ನಾನು ದಾರಿಯಲ್ಲೇ ತೀರ್ಮಾನ ಮಾಡಿ ಆಗಿತ್ತು.

ವೀರಭದ್ರ ಜಗುಲಿಯ ಮೇಲೆ ಮಿಷನ್ ಹಾಕಿಕೊಂಡು ಹೊಲಿಯುತ್ತಿದ್ದ. ಅವನ ನೆರಳು ಬೂದಿ ಬಣ್ಣ. ಎರಡು ಸಲ ನೋಡಿದೆ, ದಾರದುಂಡೆ ಹಿಡಿದು ನೋಡಿದೆ, ಬೂದಿಯೇ. ನನಗೆ ಎಷ್ಟು ನಿರಾಸೆಯಾಯಿತೆಂದರೆ, ಅಲ್ಲೇ ಕಂಬಕ್ಕೊರಗಿ ನಿಂತುಬಿಟ್ಟೆ. ಆಗ ಜಗುಲಿಯ ಕೆಳಗೆ ಬಟ್ಟೆ ಚೂರು ಆರಿಸುತ್ತಾ ಕೂತಿದ್ದ ಅವನ ತಾಯಿ ಸಾಕವ್ವ “ಯಾಕವ್ವಾ, ನೀರು ಬೇಕಾ?” ಅಂದಳು. ಅವಳ ಕಡೆ ತಿರುಗಿದೆ. ಮುದುಕಿಯ ಪಕ್ಕದಲ್ಲಿ, ಮಣ್ಣಿನ ಮೇಲೆ, ಬದನೆ ಹೂವಿನ ಬಣ್ಣದ ನೆರಳು ಬಿದ್ದಿತ್ತು. ನನ್ನ ಕೈಯಲ್ಲಿದ್ದ ದಾರಕ್ಕೂ ಅದಕ್ಕೂ ಎಳ್ಳಷ್ಟು ವ್ಯತ್ಯಾಸವಿಲ್ಲ. ಎಂಬತ್ತರ ಹತ್ತಿರದ ಮುದುಕಿ!

“ಗಾಣದ ಮನೆ ಮಗು ನಿನಗೇನಾಗ್ಬೇಕು ಸಾಕವ್ವ?” ಅಂತ ಕೇಳಿದೆ. ಬೇರೆ ಏನು ಕೇಳಬೇಕೋ ನನಗೇ ತಿಳಿಯಲಿಲ್ಲ.

“ನನಗೇನಾಗ್ಬೇಕು? ಏನೂ ಆಗ್ಬೇಕಿಲ್ಲ. ದಿನಾ ಬೆಳಿಗ್ಗೆ ಆ ಹುಡುಗಿ ಗೋಡೆ ಮೇಲಿಂದ ಕೊಡ್ತದೆ, ನಾನು ಈಸ್ಕೊಂಡು ಇಲ್ಲಿ ಎಳೆಬಿಸ್ಲಿಗೆ ಹಿಡ್ಕೊಂಡು ಕೂತ್ಕೋತೀನಿ. ಅದಕ್ಕೆ ಒಲೆ ಮುಂದೆ ಕೆಲಸ ಇರ್ತದಲ್ಲ. ಬಾಣಂತನ ಮುಗಿದಾಗ್ನಿಂದ ನಾನೇ. ಇನ್ಯಾರು ಹಿಡೀತಾರೆ?”

“ಅದರ ಅಜ್ಜಿ ಇಲ್ವಾ?”

ಸಾಕವ್ವ ಗಾಣದ ಮನೆಯ ಕಡೆ ನೋಡಿ ದನಿ ತಗ್ಗಿಸಿದಳು. “ಮಗು ಹುಟ್ಟಿದಾಗ ಹುಡುಗಿಯ ಅವ್ವ ಬಂದು ಮೊದಲ ಎಣ್ಣೆ ನೀರು ಹಾಕಿದ್ಳಂತೆ. ಅಂಗಡಿಯಿಂದ ತಂದ ಎಣ್ಣೆ! ಗಾಣದ ಮನೇಲಿ ನಿಂತ್ಕೊಂಡು ಅಂಗಡಿ ಎಣ್ಣೆ ಹಚ್ಚಿದ್ರಲ್ಲ, ಆ ಮಗೂನ ನಾನು ಮುಟ್ಟಲ್ಲ ಅಂತ ಚೆನ್ನಾಜಮ್ಮ ಆಣೆ ಹಾಕ್ಬಿಟ್ರು. ಇಲ್ಲೀಗಂಟ ಮುಟ್ಟಿಲ್ಲ.”

ಜಗುಲಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಊರಿನ ಎಲ್ಲ ಮನೆಗಳಲ್ಲೂ ಬೆಳಗಿನ ಹೊತ್ತು ಸೊಸೆ ಒಲೆಯ ಮುಂದೆ ಇರುತ್ತಾಳೆ, ಕೂಸನ್ನು ಬಿಸಿಲಿಗೆ ಹಿಡಿಯುವುದು ಅಜ್ಜಿ. ಅಜ್ಜಿ ಇಲ್ಲದಿದ್ದರೆ ಸೋದರತ್ತೆ. ರಕ್ತವೂ ಇಲ್ಲ, ಮಣ್ಣೂ ಇಲ್ಲ. ಯಾರು ಎತ್ತಿಕೊಂಡು ಬಿಸಿಲಿಗೆ ಕೂರುತ್ತಾರೋ ಅವರ ಬಣ್ಣ ಮಗುವಿಗೆ ಹತ್ತುತ್ತದೆ. ಸಾಕವ್ವನದು ಹೆಚ್ಚು ಹತ್ತಿದೆ. ಬಟ್ಟೆ ಒಣಹಾಕುವಾಗ ಸೊಂಟದಲ್ಲಿಟ್ಟುಕೊಂಡ ನಳಿನಿಯದು ಒಂದಿಷ್ಟು. ಸಂಜೆ ಗಾಣ ನಿಲ್ಲಿಸಿ ಬಂದು ಹೆಗಲ ಮೇಲೆ ಕೂರಿಸಿಕೊಂಡ ಶಿವನಂಜನದು ಒಂದಿಷ್ಟು. ಹಾಗಾದರೆ ಬಣ್ಣ ಬೇರೆ ಅಂತ ತವರಿಗೆ ಹೋದರಲ್ಲ, ಅವರ ಗತಿ? ನನಗೆ ತುಂಬ ಸಂಕಟವಾಯಿತು. ಸಾಕವ್ವ ಕೊಟ್ಟ ನೀರು ಕುಡಿದು ಎದ್ದೆ.

ಗುರುವಾರ ಮೂವರು ಹೆಂಗಸರನ್ನೂ ಅಂಗಡಿಗೆ ಕರೆಸಿದೆ. ಚೆನ್ನಾಜಮ್ಮ ಮೊದಲು ಬಂದಳು. ನಳಿನಿ ಮಗುವನ್ನೆತ್ತಿಕೊಂಡು, ಕತ್ತು ಬಗ್ಗಿಸಿಕೊಂಡು ಬಂದಳು. ಸಾಕವ್ವ ಯಾಕೆ ಅಂತ ತಿಳಿಯದೆ ಬಂದು ಬಾಗಿಲ ಹತ್ತಿರ ನಿಂತಳು. ನಾನು ಪರದೆಯ ಮೇಲೆ ಫೋಟೊ ತೆಗೆದು, ಬ್ರಷ್ ಇಟ್ಟು, ಒಂದೇ ಸಲ ಒತ್ತಿದೆ. ಮಗುವಿನ ಕಪ್ಪು ನೆರಳಿನ ಮೇಲೆ ಮೂರು ಬಣ್ಣವೂ ಒಟ್ಟಿಗೆ ಬಂದು ಕೂತವು. ನಳಿನಿಯ ಮುಖ ಬಿಳಿಚಿಕೊಂಡಿತು.

“ಹೂಂ,” ಅಂದಳು ಚೆನ್ನಾಜಮ್ಮ. “ಹಿಡಿಯಲ್ಲ ಅಂದೆ, ಈಗ ಹೆಂಗೆ ಹಿಡೀತು? ಇದನ್ನೇ ದೊಡ್ಡದು ಮಾಡಿ ಫ್ರೇಮ್ ಹಾಕಿಸು.”

“ಹಾಕಿಸ್ತೀನಿ. ಬನ್ನಿ ಇಲ್ಲಿ ಒಂದ್ನಿಮಿಷ,” ಅಂದು ಅವಳನ್ನೂ ಸಾಕವ್ವನನ್ನೂ ಅಂಗಳಕ್ಕೆ ಕರೆದುಕೊಂಡು ಹೋಗಿ ಬಿಸಿಲಿಗೆ ನಿಲ್ಲಿಸಿದೆ. ಬಿಳೀ ನೆಲದ ಮೇಲೆ ಅರಿಶಿನ ಒಂದು ಕಡೆ, ಬದನೆ ಹೂವು ಒಂದು ಕಡೆ. ಚೆನ್ನಾಜಮ್ಮ ಮುದುಕಿಯ ನೆರಳು ನೋಡಿದಳು. ಮುದುಕಿಯ ಮುಖ ನೋಡಿದಳು. ಮತ್ತೆ ನೆರಳು ನೋಡಿದಳು.

“ಈ ಸಾಕವ್ವ ನಿಮ್ಮ ಮಗನಿಗೆ ಮೋಸ ಮಾಡಿದ್ಲು ಅಂತೀರಾ ಅಮ್ಮಾ?” ಅಂದೆ. ಸ್ವಲ್ಪ ಜಾಸ್ತಿಯೇ ಜೋರಾಗಿ ಅಂದೆ. “ಮಗೂನ ಎತ್ಕೊಂಡೋರ ಬಣ್ಣ ಮಗೂಗೆ ಬಂದಿದೆ. ಹಸಿರಿದೆ, ನಿಮ್ಮ ಸೊಸೆ ಎತ್ಕೊಂಡಿದಾಳೆ. ಇಟ್ಟಿಗೆ ಇದೆ, ನಿಮ್ಮ ಮಗ ಎತ್ಕೊಂಡಿದಾನೆ. ಅರಿಶಿನ ಮಾತ್ರ ಹುಡುಕಿದ್ರೂ ಇಲ್ಲ. ನಾಳೆ ನೆಂಟರೆಲ್ಲ ಬಂದಾಗ ಇದನ್ನೇ ನಾನು ಗೋಡೆ ಮುಂದೆ ನಿಂತು ಹೇಳ್ತೀನಿ.”

ಚೆನ್ನಾಜಮ್ಮ ಸುತ್ತಮುತ್ತ ಯಾರಾದರೂ ಕೇಳಿಸಿಕೊಂಡರಾ ಅಂತ ನೋಡಿದಳು. ನಾನು ಹುಟ್ಟಿದಾಗಿನಿಂದ ಅವಳು ಹಾಗೆ ಅಂಜಿ ನೋಡಿದ್ದನ್ನು ಕಂಡಿರಲಿಲ್ಲ. ಆಮೇಲೆ ನನ್ನ ತೋಳು ಹಿಡಿದು ಗೋಡೆಯ ಕಡೆ ಎಳೆದುಕೊಂಡು ಹೋದಳು.

“ಚಂಪಾ, ಆ ನಿನ್ನ ಬ್ರಷ್ಷಿಗೆ ಈಗ ಎಷ್ಟು ಬಣ್ಣ ಬೇಕಾದ್ರೂ ಹಿಡಿಯುತ್ತಲ್ವಾ? ಒಂದು ಚೂರು ಅರಿಶಿನಾನೂ ಸೇರ್ಸು. ಜಾಸ್ತಿ ಬೇಡ, ಅಂಚಿಗೆ ಒಂದಿಷ್ಟು ಕಂಡ್ರೆ ಸಾಕು. ನಾಲ್ಕು ಜನದ ಮುಂದೆ ನನ್ನ ಮುಖ ಉಳಿಸು.”

ಸೋಮವಾರ ಸೊಸೆ ಕೇಳಿದ್ದನ್ನೇ ಗುರುವಾರ ಅತ್ತೆ ಕೇಳುತ್ತಿದ್ದಾಳೆ. ನನಗೆ ನಗು ಬಂತು, ನಗಲಿಲ್ಲ. ಸೇರಿಸುವುದು ದೊಡ್ಡ ಕೆಲಸವೇನಲ್ಲ, ಮೌಸನ್ನು ಎರಡು ಸಲ ಒತ್ತಿದರೆ ಆಯಿತು. ಸಂಸಾರ ಸರಿಹೋಗುವುದಾದರೆ ಸೇರಿಸಿಬಿಡಲೇ ಅಂತಲೂ ಒಂದು ಗಳಿಗೆ ಅನ್ನಿಸಿತು.

“ಬೇಡ,” ಅಂದಳು ನಳಿನಿ. ನಮ್ಮ ಹಿಂದೆಯೇ ಅಂಗಳಕ್ಕೆ ಬಂದು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕತ್ತು ಈಗ ನೆಟ್ಟಗಿತ್ತು. “ಇದ್ದಂಗೇ ಹೋಗ್ಲಿ ಅಕ್ಕಾ ಗೋಡೆಗೆ. ಇಲ್ದೇ ಇರೋದನ್ನ ಹಾಕ್ಬೇಡಿ.”

“ನನ್ನ ಮರ್ಯಾದೆ ತೆಗೀಬೇಕು ಅಂತಾನೇನೇ ನಿಂಗೆ?”

“ನನ್ನ ಮರ್ಯಾದೆ ಗೋಡೆಗೆ ಹಾಕೋಕೆ ಹೊರಟಿದ್ರಲ್ಲ ಅತ್ತೆ, ನೀವು.” ಅಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣಲ್ಲಿ ನೀರು ತುಂಬಿತು. “ನಾಳೆ ಅವಳಿಗೆ ಹೆಸರಿಡ್ಬೇಕು. ಅವಳದು ಯಾವ ನೆರಳೋ ಅದರ ಕೆಳಗೇ ಇಡ್ಬೇಕು. ಅರಿಶಿನ ಬಂದ್ಮೇಲೆ ಇನ್ನೊಂದು ಫೋಟೊ ತೆಗೆಸೋಣ. ಬಂದ್ರೆ.”

ಆ ಕೊನೆಯ ಮಾತು ಚೆನ್ನಾಜಮ್ಮನಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಮುದುಕಿ ಸಾಕವ್ವನಿಗೆ ಅಲ್ಲಿರಲು ಸಂಕೋಚವಾಗಿ “ನಾನು ಹೋಗ್ಬರ್ತೀನವ್ವಾ” ಅಂತ ತಿರುಗಿದಳು. ಅವಳು ತಿರುಗಿದ್ದೇ ತಡ, ಮಗು ನಳಿನಿಯ ಸೊಂಟದಿಂದಲೇ ಅವಳ ಕಡೆಗೆ ಎರಡೂ ಕೈ ಚಾಚಿ ಕಿರುಚಿಕೊಂಡಿತು. ಸ್ವಂತ ಅಜ್ಜಿ ಒಂದು ಮಾರು ದೂರದಲ್ಲಿ ನಿಂತಿದ್ದಳು, ಅವಳ ಕಡೆ ಅದು ತಿರುಗಿಯೂ ನೋಡಲಿಲ್ಲ. ಚೆನ್ನಾಜಮ್ಮ ಆ ಚಾಚಿದ ಕೈಗಳನ್ನೇ ನೋಡುತ್ತಾ ನಿಂತಳು. ನಾಟಕ ಇರಬಹುದು ಅಂತ ನಾನು ಅವಳ ಮುಖವನ್ನು ಬಿಟ್ಟೂ ಬಿಡದೆ ನೋಡಿದೆ.

“ಬೆಳಿಗ್ಗೆ ಎಷ್ಟೊತ್ತಿಗೆ ಏಳುತ್ತೆ ಇದು?” ಅಂತ ಕೇಳಿದಳು.

ನಳಿನಿ ಮಗುವನ್ನು ಸಾಕವ್ವನ ಕೈಗೆ ಕೊಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನೀವು ಏಳೋಕೆ ಮುಂಚೇನೇ ಏಳ್ತಾಳೆ ಅತ್ತೆ.”

“ಹಂಗಾದ್ರೆ ನನ್ನ ಎಬ್ಬಿಸು,” ಅಂದಳು ಚೆನ್ನಾಜಮ್ಮ.